ಮಾವನ ಗ್ಲಾಸು ಕಾಣದ ಟೇಬಲ್

ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಜುಲೈ ಮಳೆ ಹಿಡಿಯಿತು ಅಂದ್ರೆ ತೋಟದಲ್ಲಿ ಕೆಲಸ ಕಡಿಮೆ. ಶನಿವಾರ ಸಂಜೆ ಮಾವನ ಮನೆಯಲ್ಲಿ ಇಸ್ಪೀಟು ಕೂರುತ್ತಿತ್ತು. ಮೊದಲು ರಮ್ಮಿ ಆಡುತ್ತಿದ್ದೆವು. ಬೆಂಗಳೂರಿಂದ ಬಂದ ಮಾವನ ಮಗ ಪೋಕರ್ ಕಲಿಸಿದ ಮೇಲೆ ರಮ್ಮಿ ಮೂಲೆ ಸೇರಿತು. ಕೈಯಲ್ಲಿ ಎರಡು ಎಲೆ, ಮಧ್ಯೆ ಐದು, ಏಳರಲ್ಲಿ ಒಳ್ಳೆಯ ಐದು. ನಿಯಮ ಹೇಳಿಕೊಡಲು ಹತ್ತು ನಿಮಿಷ ಸಾಕಾಯಿತು.

ಆ ಟೇಬಲ್‌ನಲ್ಲಿ ನಾನು ಹೆಚ್ಚುಕಮ್ಮಿ ಗೆಲ್ಲುತ್ತಲೇ ಇದ್ದೆ. ದೊಡ್ಡ ಆಟಗಾರ ಅಂತ ಅಂದುಕೊಂಡಿದ್ದೆ ಕೂಡ. ನಿಜ ಏನಂದ್ರೆ, ಮಾವನಿಗೆ ಒಳ್ಳೆಯ ಎಲೆ ಬಂದರೆ ಕೈಯಲ್ಲಿದ್ದ ಗ್ಲಾಸು ಕೆಳಗಿಡುತ್ತಿದ್ದರು. ಸುಮ್ನೆ ಹೆದರಿಸುವಾಗ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರುತ್ತಿದ್ದರು. ನಾನು ಗ್ಲಾಸು ನೋಡಿ ಆಡುತ್ತಿದ್ದೆ.

2020ರ ಲಾಕ್‌ಡೌನ್‌ನಲ್ಲಿ ಶನಿವಾರ ನಿಂತಿತು. ಫೋನಿಗೆ ಪೋಕರ್ ಆ್ಯಪ್ ಹಾಕಿಕೊಂಡೆ. ಐದು ಸಾವಿರ ಹಾಕಿದೆ, ಒಂಬತ್ತು ದಿನಕ್ಕೆ ಖಾಲಿ. ಮನೆಯಲ್ಲಿ ಹೇಳಲಿಲ್ಲ.

ಗ್ಲಾಸು ಇಲ್ಲದ್ದು ಒಂದು ಕಾರಣ. ಅದಕ್ಕಿಂತ ಜಾಸ್ತಿ ಹೊಡೆತ ಕೊಟ್ಟಿದ್ದು ವೇಗ. ಮಾವನ ಮನೆಯಲ್ಲಿ ಎಲೆ ಕಲಸಿ, ಹಂಚಿ, ಮೆಣಸಿನ ರೇಟು ಮಾತಾಡಿ ಮುಗಿಸುವಷ್ಟರಲ್ಲಿ ಗಂಟೆಗೆ ಇಪ್ಪತ್ತು ಆಟ ಆದರೆ ಹೆಚ್ಚು. ಫೋನಿನಲ್ಲಿ ಒಂದೇ ಟೇಬಲ್‌ನಲ್ಲಿ ಎಪ್ಪತ್ತರ ಹತ್ತಿರ ಹೋಗುತ್ತದೆ. ಎರಡು ಟೇಬಲ್ ತೆರೆದರೆ ಒಂದು ತಿಂಗಳ ತಪ್ಪನ್ನು ಒಂದೇ ರಾತ್ರಿ ಮಾಡಬಹುದು. ನಾನು ಮಾಡಿದೆ.

ಆಮೇಲೆ ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ. ಆನ್‌ಲೈನ್‌ನಲ್ಲಿ ಪ್ರತಿ ಆಟದ ದಾಖಲೆ ಉಳಿಯುತ್ತದೆ, ಅದೊಂದು ಒಳ್ಳೆಯದು. ಮೂರು ವಾರ ಬರೆದ ಮೇಲೆ ಕಂಡಿದ್ದು: ದುಡ್ಡು ಸೋರುತ್ತಿದ್ದದ್ದು ಎರಡೇ ತೂತಿನಲ್ಲಿ. ಒಂದು, ಎಕ್ಕ ಬಂತು ಅಂತ ಅದರ ಜೊತೆ ನಾಲ್ಕೋ ಆರೋ ಇದ್ದರೂ ಎಲ್ಲರಿಗಿಂತ ಮೊದಲೇ ನುಗ್ಗುವುದು. ಇನ್ನೊಂದು, ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ ಕಾಯುವುದು. ಉದಾಹರಣೆಗೆ ಟರ್ನ್, ಅಂದರೆ ಮಧ್ಯದ ನಾಲ್ಕನೇ ಎಲೆ ಬಂದಿದೆ, ನನಗೆ ನಾಲ್ಕು ಆಟೀನು ಸೇರಿದೆ. ಪಾಟ್‌ನಲ್ಲಿ, ಅಂದರೆ ಮಧ್ಯೆ ಕೂಡಿದ ದುಡ್ಡು, 60 ರೂಪಾಯಿ, ಎದುರಿನವನು 30 ಹಾಕಿದ. 90 ಗೆಲ್ಲಲು ನಾನು 30 ಕೊಡಬೇಕು. ನಾಲ್ಕರಲ್ಲಿ ಒಂದು ಸಲ ಗೆದ್ದರೆ ಸರಿಸಮ. ಆದರೆ ನನಗೆ ಕಾಣದ 46 ಎಲೆಯಲ್ಲಿ ಬೇಕಾದ ಆಟೀನು 9 ಮಾತ್ರ, ಐದರಲ್ಲಿ ಒಂದು ಸಲವೂ ಪೂರ್ತಿ ಇಲ್ಲ. ಮಾವನ ಮನೆಯಲ್ಲಿ ಇದನ್ನೇ ಕಣ್ಣು ಮುಚ್ಚಿ ಕಾಲ್ ಮಾಡುತ್ತಿದ್ದೆ, ಅಂದರೆ ಅಷ್ಟೇ ದುಡ್ಡು ಹಾಕಿ ಮುಂದುವರಿಯುತ್ತಿದ್ದೆ. ಎಲೆ ಬಿಟ್ಟು ಫೋಲ್ಡ್ ಮಾಡಿದರೆ ಎಲ್ಲರೂ ನಗುತ್ತಿದ್ದರಲ್ಲ!

ಮುಖ ಇಲ್ಲದ ಕಡೆ ಏನು ನೋಡುವುದು? ಸಮಯ ಮತ್ತು ಮೊತ್ತ. ಪಾಟ್‌ಗೆ ಮೂರನೇ ಒಂದು ಭಾಗ ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ಪೂರ್ತಿ ಪಾಟ್ ಹಾಕಿದರೆ ಕೈ ತಡೆಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲ್ ಮಾಡುವವನು ಎಷ್ಟೋ ಸಲ ಫ್ಲಶ್ಶೋ ಸಾಲಾಗಿ ಐದು ಎಲೆಯ ಸ್ಟ್ರೇಟೋ ಕಾಯುತ್ತಿರುತ್ತಾನೆ. ಗ್ಲಾಸಿನಷ್ಟು ಗ್ಯಾರಂಟಿ ಇಲ್ಲ.

ದುಡ್ಡಿಗೆ ಬೇರೆ ಖಾತೆ ಮಾಡಿದೆ. ಮತ್ತೆ ಐದು ಸಾವಿರ, ಆದರೆ ಈ ಸಲ 1-2 ರೂಪಾಯಿ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ದುಡ್ಡು) ಟೇಬಲ್, ಒಂದು ಸಲ ಕೂರಲು 200. ಅಂದರೆ ಇಪ್ಪತ್ತೈದು ಸಲ ಬೀಳಲು ಜಾಗ. ಅದು ಖಾಲಿಯಾದರೆ ಆಟವೂ ಮುಗಿಯಿತು ಅಂತ ಠರಾವು.

ಇನ್ನು ನಮ್ಮೂರಿನ ಕರೆಂಟು. ಒಂದು ರಾತ್ರಿ ಕೈಯಲ್ಲಿ ರಾಜ ಜೋಡಿ, ಫ್ಲಾಪ್‌ನಲ್ಲಿ, ಅಂದರೆ ಮಧ್ಯದ ಮೊದಲ ಮೂರು ಎಲೆಯಲ್ಲಿ, ಮೂರನೇ ರಾಜ. ಎದುರಿನವನು ಇದ್ದದ್ದೆಲ್ಲ ತಳ್ಳಿದ. ನಾನು ಬೆರಳು ಎತ್ತುವಷ್ಟರಲ್ಲಿ ಹೊರಗೆ ಸಿಲ್ವರ್ ಮರ ಮುರಿದ ಸದ್ದು, ಮನೆ ಕತ್ತಲು, ರೂಟರ್ ಸತ್ತಿತು. ಫೋನಿನ ನೆಟ್‌ವರ್ಕ್ ಬರುವಷ್ಟರಲ್ಲಿ ಆ್ಯಪ್ ನನ್ನ ಮೂರು ರಾಜರನ್ನು ಫೋಲ್ಡ್ ಮಾಡಿ ಮುಗಿಸಿತ್ತು. ಮರುದಿನವೇ ರೂಟರ್‌ಗೆ ಅಂತ ಸಣ್ಣ ಯುಪಿಎಸ್ ತಂದೆ. ಗಾಳಿ ಜೋರಾದರೆ ಟೇಬಲ್ ಬಿಟ್ಟು ಏಳುವುದನ್ನೂ ಕಲಿತೆ.

ಕಾನೂನೂ ನಮ್ಮ ಕರೆಂಟಿನ ಹಾಗೇ ಬಂದು ಹೋಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ದುಡ್ಡಿನ ಆಟಕ್ಕೆ ನಿಷೇಧ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2023ರ ಏಪ್ರಿಲ್‌ನಿಂದ ಗೆದ್ದದ್ದರಲ್ಲಿ ಶೇ. 30 ಟಿಡಿಎಸ್, ಅಕ್ಟೋಬರ್‌ನಿಂದ ಹಾಕುವ ದುಡ್ಡಿಗೇ ಶೇ. 28 ಜಿಎಸ್‌ಟಿ. ನಮ್ಮಂಥ ಚಿಲ್ಲರೆ ಆಟಗಾರರಿಗೆ ಏನೂ ಗಿಟ್ಟುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಟೇಬಲ್‌ಗಳೇ ಮುಚ್ಚಿದವು. ಖಾತೆಯಲ್ಲಿ ಉಳಿದಿದ್ದ 6,340 ರೂಪಾಯಿ ವಾಪಸ್ ತೆಗೆದುಕೊಂಡೆ. ಎರಡನೇ ಸಲ ಹಾಕಿದ ಐದು ಸಾವಿರ ಕಳೆದರೆ 1,340, ಐದು ವರ್ಷದ ದುಡಿಮೆ ಅದು! ಮೊದಲು ಕಳೆದ ಐದು ಸಾವಿರ ಅದರಲ್ಲಿ ಸೇರಿಲ್ಲ.

ಈಗ ಫೋನಿನಲ್ಲಿ ಬಿಟ್ಟಿ ಚಿಪ್ಸ್ ಆಟ, ಅದಕ್ಕೆ ರುಚಿ ಇಲ್ಲ. ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಶನಿವಾರ ಮತ್ತೆ ಮಾವನ ಮನೆಗೆ ಹೋದೆ. ನನಗೆ ನಾಲ್ಕು ಆಟೀನು, ಟರ್ನ್ ಬಂದಿತ್ತು. ಮಾವ ಅರ್ಧ ಪಾಟ್ ಹಾಕಿದರು. ಗ್ಲಾಸು ಕೈಯಲ್ಲೇ ಇತ್ತು, ನಾನು ನೋಡಲೇ ಇಲ್ಲ. 46ರಲ್ಲಿ 9 ಅಂತ ಲೆಕ್ಕ ಹಾಕಿ ಎಲೆ ಮಗುಚಿಟ್ಟೆ.

ಮಾವ ತಮ್ಮ ಎಲೆ ತಿರುಗಿಸಿ ತೋರಿಸಿದರು. ಏಳು, ಎರಡು. ಏನೂ ಇರಲಿಲ್ಲ.

"ಏನೋ, ಕರೆಂಟ್ ಹೋಯ್ತಾ?" ಅಂದರು.