ತೋರಿಸುವುದನ್ನು ಬಿಟ್ಟೆ, ಕ್ಲಾಸ್ ತುಂಬಿತು

ಯೋಗ ಕ್ಲಾಸಿನಲ್ಲಿ ಆಸನ ಮಾಡಿ ತೋರಿಸುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಬಾಯಲ್ಲಿ ಹೇಳುತ್ತೇನೆ, ಸಾಲುಗಳ ನಡುವೆ ಓಡಾಡುತ್ತೇನೆ, ಅಷ್ಟೇ. 'ಮೇಷ್ಟ್ರೇ ಮಾಡಿ ತೋರಿಸದಿದ್ದರೆ ದುಡ್ಡು ಕೊಟ್ಟು ಯಾರು ಬರ್ತಾರೆ?' ಅಂತ ಜೊತೆಯ ಶಿಕ್ಷಕರು ಕೇಳಿದ್ದರು. ಈಗ ಬೆಳಗಿನ ಬ್ಯಾಚಿಗೆ ಜಾಗ ಸಾಲುತ್ತಿಲ್ಲ.

ಅಷ್ಟಾಂಗ ಯೋಗದ ಮೈಸೂರು ಶೈಲಿಯವರಿಗೆ ಇದು ಹೊಸದೇನಲ್ಲ. ಅಲ್ಲಿ ಅವರವರ ಪಾಡಿಗೆ ಅವರವರು ಮಾಡುತ್ತಾರೆ, ಗುರುಗಳು ತಿದ್ದುತ್ತಾ ಹೋಗುತ್ತಾರೆ. ಆದರೆ ಅಲ್ಲಿ ಆಸನಗಳ ಕ್ರಮ ಬಾಯಿಪಾಠ ಆಗಿರುತ್ತದೆ. ನನ್ನ ಹತ್ತಿರ ಬರುವವರು ಹೊಸಬರು, ಐವತ್ತು ದಾಟಿದವರೇ ಜಾಸ್ತಿ.

ಮೊದಲ ಒಂದೆರಡು ವಾರ ಬರೀ ಗೊಂದಲ. ಬಲ ಅಂದರೆ ಎಡ ಎತ್ತುತ್ತಿದ್ದರು. ಮೂರ್ನಾಲ್ಕು ಜನ ಬಿಟ್ಟೇ ಹೋದರು. ಉದ್ದುದ್ದ ಸೂಚನೆ ಯಾರ ತಲೆಗೂ ಹೋಗುವುದಿಲ್ಲ. ಈಗ ಒಂದು ಉಸಿರಿಗೆ ಒಂದೇ ಮಾತು. ಮೊದಲು ಅಂಗ, ಆಮೇಲೆ ದಿಕ್ಕು: 'ಬಲಪಾದ, ಹೊರಕ್ಕೆ.'

ಓಡಾಡಿದರೆ ಏನು ಸಿಗುತ್ತದೆ ಅಂತೀರಾ? ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನೇ ನೋಡಿ. ನಾನು ಮುಂದೆ ಕೂತಿದ್ದಾಗ ಎಲ್ಲರೂ ಚೆನ್ನಾಗಿ ಬಾಗಿದಂತೆ ಕಾಣುತ್ತಿತ್ತು. ಪಕ್ಕದಿಂದ ನೋಡಿದರೆ ಅರ್ಧ ಜನರ ಸೊಂಟ ಹಿಂದಕ್ಕೆ ವಾಲಿದೆ, ಬೆನ್ನು ಗೂನಾಗಿದೆ. ತೊಡೆಯ ಹಿಂಭಾಗ ಬಿಗಿ ಇದ್ದರೆ ಹೀಗೇ ಆಗುವುದು. ಮಡಿಸಿದ ಕಂಬಳಿಯನ್ನು ಪೃಷ್ಠದ ಕೆಳಗೆ ಇಟ್ಟು, ಮೊಣಕಾಲು ಸ್ವಲ್ಪ ಸಡಿಲ ಬಿಡಿಸಿದೆ. ಸೊಂಟ ತಾನಾಗಿ ಮುಂದಕ್ಕೆ ಬಂತು. ಯಾರಿಗೆ ಎಷ್ಟು ಮಡಿಕೆ ಬೇಕು ಅಂತ ಅವರು ಕೂತ ಕೂಡಲೇ ಹೇಳಿಬಿಡುತ್ತೇನೆ. ಏನು ನೋಡಿ ಹೇಳುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಕಣ್ಣು ಮುಚ್ಚಿಸಿಯೂ ಮಾಡಿಸಿ ನೋಡಿದೆ. ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಎಲ್ಲರೂ ತೂರಾಡಿದರು, ಅಲ್ಲಿಗೆ ಕೈಬಿಟ್ಟೆ. ಮಲಗಿ ಮಾಡುವ ಆಸನಗಳಿಗೆ ಮಾತ್ರ ಅದು ಚೆನ್ನಾಗಿ ಒಗ್ಗಿತು. ಸಂಗೀತ ಹಾಕುವುದನ್ನೂ ನಿಲ್ಲಿಸಿದೆ. ಯಾರು ಉಸಿರು ಬಿಗಿಹಿಡಿದಿದ್ದಾರೆ ಅಂತ ಈಗ ಕಿವಿಗೇ ಗೊತ್ತಾಗುತ್ತದೆ.

ಇನ್ನು ದುಡ್ಡು. ಕ್ಲಾಸಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದಾಗ ಮಳೆ ಬಂದ ದಿನ ಹಾಲ್ ಖಾಲಿ, ಬಾಡಿಗೆ ಕೈಯಿಂದ. ಒಂದು ವಾರ ಉಚಿತ ಅಂತ ಇಟ್ಟೆ. ಜನ ತುಂಬಿದರು, ಉಳಿದದ್ದು ಹತ್ತಕ್ಕೆ ಒಬ್ಬರು ಅನ್ನಿ. ಮೂರು ತಿಂಗಳದ್ದು ಒಟ್ಟಿಗೆ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಬಾಡಿಗೆ ಕಳೆದು ಹೆಚ್ಚುಕಡಿಮೆ ಅರ್ಧ ಉಳಿಯುತ್ತಿದೆ. ದಿನಕ್ಕೆ ಮೂರು ಬ್ಯಾಚಿಗೆ ಒಂದೇ ಬದಿ ತೋರಿಸಿ ತೋರಿಸಿ ಬಂದಿದ್ದ ನನ್ನ ಸೊಂಟನೋವೂ ಹೋಯಿತು. ಫಿಸಿಯೋಥೆರಪಿಗೆ ಸುರಿಯುತ್ತಿದ್ದ ದುಡ್ಡಿನಲ್ಲಿ ಇನ್ನೊಂದಷ್ಟು ಕಂಬಳಿ ಕೊಂಡಿದ್ದೇನೆ.