ಮಳೆ ಬರುವ ಮೊದಲೇ ಪುನರ್ಪುಳಿ ಸಿರಪ್ ಮಾಡಿಡಿ

ಏಪ್ರಿಲ್, ಮೇ ತಿಂಗಳು ಪುನರ್ಪುಳಿ ಹಣ್ಣಿನ ಕಾಲ. ಉತ್ತರ ಕನ್ನಡದ ಕಡೆ ಇದನ್ನೇ ಮುರುಗಲು ಅಂತಾರೆ. ಒಮ್ಮೆ ಮಳೆ ಹಿಡಿದರೆ ಹಣ್ಣು ಮೆತ್ತಗಾಗಿ ಬೇಗ ಕೊಳೆಯುತ್ತದೆ, ಭರಣಿ ಇಡಲು ಬಿಸಿಲೂ ಸಿಗುವುದಿಲ್ಲ. ಹಾಗಾಗಿ ಪುತ್ತೂರು ಕಡೆಯ ನಮ್ಮ ಅಜ್ಜಿಮನೆಗೆ ರಜೆಗೆ ಹೋದ ಮಕ್ಕಳಿಗೆಲ್ಲ ಮೊದಲ ಕೆಲಸ ಇದೇ. ಬುಟ್ಟಿ ಹಿಡಿದು ಗುಡ್ಡೆಗೆ ಹೋಗಿ ಹಣ್ಣು ಹೆಕ್ಕಿ ತರುವುದು.

ಚೆನ್ನಾಗಿ ಕೆಂಪಾದ, ಗಟ್ಟಿ ಹಣ್ಣನ್ನೇ ಆರಿಸಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರಡಿ. ತೇವ ಪೂರ್ತಿ ಆರಬೇಕು. ಆಮೇಲೆ ಎರಡು ಹೋಳು ಮಾಡಿ, ಬೀಜ ಮತ್ತು ತಿರುಳನ್ನು ಬೇರೆ ಪಾತ್ರೆಗೆ ಹಾಕಿ. ಹಳೇ ಬಟ್ಟೆ ಹಾಕಿಕೊಂಡೇ ಕೂರಿ, ಇದರ ಕಲೆ ಸುಲಭಕ್ಕೆ ಹೋಗುವುದಿಲ್ಲ.

1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ. ಜಾಸ್ತಿ ಆಯ್ತು ಅನ್ನಿಸಬಹುದು, ಆದರೆ ವರ್ಷವಿಡೀ ಕೆಡದಂತೆ ಕಾಯುವುದು ಈ ಸಕ್ಕರೆ ಮತ್ತು ಹಣ್ಣಿನ ಹುಳಿಯೇ. ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿ ತೆಗೆದುಕೊಳ್ಳಿ. ಅಲ್ಯೂಮಿನಿಯಂ, ತಾಮ್ರ ಬೇಡ, ಹುಳಿಗೆ ಅವು ಆಗಿಬರುವುದಿಲ್ಲ. ತಳಕ್ಕೆ ಸಕ್ಕರೆ, ಮೇಲೆ ಸಿಪ್ಪೆ, ಮತ್ತೆ ಸಕ್ಕರೆ. ಕೊನೆಯ ಪದರ ಸಕ್ಕರೆಯದ್ದೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ.

ಇನ್ನು ಬೇಕಾಗುವುದು ತಾಳ್ಮೆ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಎಳೆಯುತ್ತದೆ. ನೋಡನೋಡುತ್ತಿದ್ದಂತೆ ತಳದ ಬಿಳಿ ಸಕ್ಕರೆಗೆ ಕೆಂಪು ಹತ್ತುತ್ತದೆ, ಆಮೇಲೆ ರಸ ಮೇಲೇರುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಳದವರೆಗೆ ಕಲಕಿ. ಬೇಗ ಆಗಲಿ ಅಂತ ನೀರು ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. ನೀರು ಸೇರಿದರೆ ನೊರೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಒದ್ದೆ ಕೈಯವರನ್ನು ಅಜ್ಜಿ ಭರಣಿ ಹತ್ತಿರವೂ ಬಿಡುತ್ತಿರಲಿಲ್ಲ. "ಮುಟ್ಟಬೇಡ ಮಗಾ, ಕೈ ಒರೆಸಿ ಬಾ" ಎಂದು ಜಗಲಿಯಿಂದಲೇ ಕೂಗುತ್ತಿದ್ದರು. ಸಂಜೆಯಾಗುತ್ತಲೇ ಭರಣಿ ಒಳಗೆ ಬರುತ್ತಿತ್ತು.

ಸುಮಾರು ಒಂದು ವಾರಕ್ಕೆ ಸಕ್ಕರೆ ಪೂರ್ತಿ ಕರಗಿ, ಸಿಪ್ಪೆ ಮುದುಡಿರುತ್ತದೆ. ತಳದಲ್ಲಿ ಸಕ್ಕರೆ ಉಳಿದಿದ್ದರೆ ಇನ್ನೆರಡು ದಿನ ಬಿಡಿ. ಬಟ್ಟೆಯಲ್ಲಿ ಸೋಸಿ, ಕುದಿಸಿ ಒಣಗಿಸಿದ ಬಾಟಲಿಗೆ ತುಂಬಿ, ತಂಪಾದ ಕತ್ತಲ ಜಾಗದಲ್ಲಿಡಿ. ಕುಡಿಯುವಾಗ 1 ಪಾಲು ಸಿರಪ್‌ಗೆ 5 ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಜೀರಿಗೆ ಮಾತ್ರ ಬಿಡಲೇಬೇಡಿ.

ಉಳಿದ ಸಿಪ್ಪೆ ಸಿಹಿ-ಹುಳಿಯಾಗಿ ತಿನ್ನಲು ಬಲು ರುಚಿ. ನಮ್ಮಲ್ಲಿ ಅದು ಮಕ್ಕಳ ಪಾಲು, ಒಣಗುವವರೆಗೆ ಉಳಿದದ್ದೇ ಇಲ್ಲ.

ಬೀಜವನ್ನೂ ಎಸೆಯಬೇಡಿ. ಅದಕ್ಕಂಟಿದ ತಿರುಳನ್ನು ನೀರಿನಲ್ಲಿ ಕಿವುಚಿದರೆ ಅವತ್ತಿಗೆ ಪಾನಕವಾಗುತ್ತದೆ. ಬೀಜ ತೊಳೆದು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಇದೇ ಮುರುಗಲು ತುಪ್ಪ. ಉಂಡೆ ಕಟ್ಟಿಟ್ಟುಕೊಳ್ಳಿ. ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಸ್ವಲ್ಪ ಬಿಸಿ ಮಾಡಿ, ರಾತ್ರಿ ಮಲಗುವ ಮೊದಲು ಹಚ್ಚಿ.