ಅಳತೆ ಪುಸ್ತಕದ ಹಿಂದಿನ ಪುಟಗಳು: ಬೀದಿ ನಾಯಿ ನೋಡ್ಕೊಳ್ಳೋಕೆ ಹೊರಟವರಿಗೆ

ಹಾಸನದ ಸಾಲಗಾಮೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಜಿಗ್‌ಜ್ಯಾಗ್. ಒಂಬತ್ತು ವರ್ಷದಿಂದ ಜೊತೆಗೆ ಬೀದಿ ನಾಯಿಗಳ ಕೆಲಸ. ನನ್ನ ಅಳತೆ ಪುಸ್ತಕದಲ್ಲಿ ಮುಂದಿನಿಂದ ಗಿರಾಕಿಗಳ ಅಳತೆ, ಹಿಂದಿನಿಂದ ನಾಯಿಗಳ ಲೆಕ್ಕ. ಒಮ್ಮೆ ಗಿರಾಕಿಯೊಬ್ಬರು ಪುಸ್ತಕ ಹಿಂದುಮುಂದಾಗಿ ತೆರೆದು, "ಬಾಲ ಮೊಂಡು, ಜಗಳಗಂಟಿ, ಆಪರೇಷನ್ ಆಗಿಲ್ಲ" ಅಂತ ಗಟ್ಟಿಯಾಗಿ ಓದಿ, "ಇದ್ಯಾರಕ್ಕಾ?" ಅಂದರು.

ಆಗಾಗ ಯಾರಾದರೂ ಬಂದು "ನಾನೂ ಮಾಡ್ತೀನಕ್ಕಾ, ಏನ್ ಮಾಡ್ಬೇಕು ಹೇಳಿ" ಅಂತಾರೆ. ಮೂರು ತಿಂಗಳಿಗೆ ಕಾಣೆಯಾಗುತ್ತಾರೆ. ಮನಸ್ಸಿಲ್ಲ ಅಂತಲ್ಲ. ಮೊದಲ ದಿನವೇ ಊರಿನ ನಾಯಿಗಳೆಲ್ಲಾ ನನ್ನವೇ ಅಂದುಕೊಂಡು ಇಳಿಯುತ್ತಾರೆ, ಅದಕ್ಕೆ. ಆದ್ದರಿಂದ ಮೊದಲು ಗಡಿ ಹಾಕಿಕೊಳ್ಳಿ. ನನ್ನ ಗಡಿ ನನ್ನ ಅಂಗಡಿಯಿಂದ ನೀರಿನ ಟ್ಯಾಂಕ್‌ವರೆಗೆ, ಮಧ್ಯದ ಎರಡು ಅಡ್ಡರಸ್ತೆ, ಒಟ್ಟು 14 ನಾಯಿ. ಅದರಾಚೆಗೆ ಫೋನಿನಲ್ಲಿ ದಾರಿ ಹೇಳುತ್ತೇನೆ. ಜೀವ ಹೋಗೋ ಕೇಸಾದರೆ ಮಾತ್ರ ಹೋಗುತ್ತೇನೆ.

ಮೊದಲ ವಾರ ಅನ್ನ ಹಾಕಬೇಡಿ. ಸುಮ್ನೆ ಬರೆದುಕೊಳ್ಳಿ. ಬೆಳಿಗ್ಗೆ 6 ಗಂಟೆಗೋ ರಾತ್ರಿ 9ರ ಮೇಲೋ ಓಡಾಡಿದರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಸಿಗುತ್ತವೆ. ಬಣ್ಣ, ಗಂಡೋ ಹೆಣ್ಣೋ, ಎಲ್ಲಿ ಮಲಗುತ್ತೆ, ಕಿವಿ ತುದಿ ಕತ್ತರಿಸಿದೆಯೋ ಇಲ್ಲವೋ. ಕತ್ತರಿಸಿದ್ದರೆ ಸಂತಾನಹರಣದ ಆಪರೇಷನ್ ಆಗಿದೆ ಅಂತ ಅರ್ಥ. ನಾನು ಎಣಿಸಿದ ಮೊದಲ ವರ್ಷ 11ರಲ್ಲಿ ಆಗಿದ್ದದ್ದು ಎರಡಕ್ಕೆ.

ಇನ್ನು ನಿಮ್ಮ ಇಂಜೆಕ್ಷನ್. ನಾಯಿ ಮುಟ್ಟುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ನಾನು ಹಾಕಿಸಿಕೊಂಡಿರಲಿಲ್ಲ. ಮರಿ ಹಾಕಿದ್ದ ತಾಯಿಯ ಹತ್ತಿರ ಬಟ್ಟಲು ಇಡಲು ಹೋಗಿ ಕೈಗೆ ಕಚ್ಚಿಸಿಕೊಂಡೆ. ತಪ್ಪು ನನ್ನದೇ, ಅವಳದ್ದಲ್ಲ. ಅತ್ತೆ ಅರಿಶಿನದ ಡಬ್ಬಿ ಹಿಡಿದು ಓಡಿ ಬಂದರು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಹರಿಯುವ ನೀರು, ಸೋಪು, 15 ನಿಮಿಷ. 15 ನಿಮಿಷ ಎಷ್ಟು ಉದ್ದ ಅಂತ ನಲ್ಲಿ ಕೆಳಗೆ ಕೈಯಿಟ್ಟವರಿಗೇ ಗೊತ್ತು. ಅಲ್ಲಿಂದ ನೇರ ಆಸ್ಪತ್ರೆಗೆ. ಲಸಿಕೆ ಎಷ್ಟು, ಯಾವ್ಯಾವ ದಿನ, ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕೋ ಬೇಡವೋ ಅಂತ ಡಾಕ್ಟರು ಹೇಳುತ್ತಾರೆ. ಒಂದು ಡೋಸೂ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧಿಯಿಲ್ಲ. ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ತೂರಾಡುತ್ತಾ ಓಡಾಡುವ ನಾಯಿ ಕಂಡರೆ ಹತ್ತಿರ ಹೋಗಬೇಡಿ, ಧೈರ್ಯ ತೋರಿಸುವ ಜಾಗ ಅದಲ್ಲ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಅನ್ನಕ್ಕೆ ಬೇಯಿಸಿದ ಕೋಳಿಯ ಚೂರು, ಇಲ್ಲಾಂದ್ರೆ ಮೊಟ್ಟೆ. ಈರುಳ್ಳಿ, ಮಸಾಲೆ, ಚಾಕೊಲೇಟ್ ಬೇಡ. ಮರಿಗಳಿಗೆ ಹಸುವಿನ ಹಾಲು ಹಾಕಿದರೆ ಬಹಳ ಸಲ ಬೇಧಿಯಾಗುತ್ತೆ. ದಿನವೂ ಒಂದೇ ಹೊತ್ತು, ಒಂದೇ ಜಾಗ. ತಿಂದಾದ ಮೇಲೆ ಎಲೆ, ಬಟ್ಟಲು ಎತ್ತಿಬಿಡಿ.

ಜಾಗದ ಮೇಲೇ ಜಗಳವೆಲ್ಲಾ. ನಮ್ಮ ಬೀದಿಯ ಒಬ್ಬರು ಆಂಟಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಡಿಗೇ ಬಂದರು. "ನಿಮ್ ನಾಯಿ ನಮ್ ಹುಡ್ಗನ್ನ ಅಟ್ಟಿಸ್ಕೊಂಡ್ ಬಂತು ಕಣಮ್ಮ. ಅಷ್ಟ್ ಪ್ರೀತಿ ಇದ್ರೆ ಮನೆ ಒಳಗ್ ಕಟ್ಕೋ." ನಾನೂ ಆಗ ಹೊಸಬಳು. ಕಾನೂನು ಮಾತಾಡಿದೆ, ಅವರು ಇನ್ನೂ ಎರಡು ಜನರನ್ನು ಕರೆದುಕೊಂಡು ಬಂದರು. ಕಾನೂನು ಗೊತ್ತಿರಬೇಕು, ನಿಜ. 2023ರ ಎಬಿಸಿ ನಿಯಮದಂತೆ (ಪ್ರಾಣಿಗಳ ಸಂತಾನ ನಿಯಂತ್ರಣದ ನಿಯಮ) ಆಪರೇಷನ್, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿ ಹಿಡಿದವನ್ನು ಅಲ್ಲಿಗೇ ಬಿಡಬಾರದು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದೇ 2023ರ ನಿಯಮದಲ್ಲಿ ಮೆಟ್ಟಿಲ ಹತ್ತಿರ, ಓಡಾಡುವ ಬಾಗಿಲ ಹತ್ತಿರ, ಮಕ್ಕಳು ಆಡುವ ಜಾಗದಲ್ಲಿ ಅನ್ನ ಹಾಕಬಾರದು ಅಂತಲೂ ಇದೆ. ನಾನು ಹಾಕುತ್ತಿದ್ದದ್ದು ಅವರ ಗೇಟಿನಿಂದ ಹತ್ತು ಹೆಜ್ಜೆಗೆ. ಮಾರನೇ ದಿನ ಖಾಲಿ ಸೈಟಿನ ಕಾಂಪೌಂಡ್ ಹಿಂದಕ್ಕೆ ಬದಲಾಯಿಸಿದೆ. ಅಟ್ಟಿಸಿಕೊಂಡು ಹೋಗೋದು ನಿಂತಿತು. ಆಂಟಿ ಈಗಲೂ ಬೈಯುತ್ತಾರೆ. ಬ್ಲೌಸ್ ಮಾತ್ರ ನನ್ನ ಹತ್ತಿರವೇ ಹೊಲಿಸುತ್ತಾರೆ.

ನನ್ನ ಪ್ರಕಾರ ಅನ್ನಕ್ಕಿಂತ ಆಪರೇಷನ್ ದೊಡ್ಡದು. ಹೆಣ್ಣು ನಾಯಿ ಗಬ್ಬ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ. ಪುಸ್ತಕದಲ್ಲಿ ಹೆಣ್ಣುಗಳ ಹೆಸರಿಗೆ ಕೆಂಪು ಗುರುತು ಹಾಕಿ, ಅವನ್ನೇ ಮೊದಲು ಒಯ್ಯಿರಿ. ಇದಕ್ಕಾಗಿ ಸ್ಥಳೀಯ ಆಡಳಿತದ ಕಚೇರಿಗೆ ಸುಮ್ನೆ ಹೋಗಿ "ನಾಯಿ ಜಾಸ್ತಿಯಾಗಿವೆ" ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ನನಗೆ ಒಂದು ಕಚೇರಿಯಲ್ಲಿ ನಾಲ್ಕು ಸಲ "ನಾಳೆ ಬನ್ನಿ" ಆಯಿತು. ಐದನೇ ಸಲ ಅಳತೆ ಪುಸ್ತಕದ ಪುಟ ಜೆರಾಕ್ಸ್ ಮಾಡಿಸಿ, ಅರ್ಜಿಗೆ ಪಿನ್ ಹೊಡೆದು ಕೊಟ್ಟು, ಸ್ವೀಕೃತಿ ಸೀಲು ಕೇಳಿದೆ. ಸೀಲು ಬಿದ್ದ ಕಾಗದಕ್ಕೆ ಇರುವ ಬಲವೇ ಬೇರೆ.

ಈಗ ಹುಳದ ಗಾಯ. ಮಳೆಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇವೇ. ನೊಣ ಗಾಯದ ಮೇಲೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಬಡಿಯುತ್ತೆ, ಕೊಳೆತ ವಾಸನೆ. ನಾಯಿ ತಲೆ ಒದರುತ್ತಿರುತ್ತೆ.

ಮೊದಲು ಬಾಯಿ ಕಟ್ಟಬೇಕು. ಎಷ್ಟೇ ಸಾಧು ನಾಯಿಯಾದರೂ ನೋವಾದರೆ ಕಚ್ಚುತ್ತೆ. ನಾನು ಬ್ಲೌಸ್ ಲೈನಿಂಗ್‌ನ ಉಳಿದ ಬಟ್ಟೆಯನ್ನು ಎರಡಿಂಚು ಅಗಲ, ಒಂದೂವರೆ ಮೀಟರ್ ಉದ್ದಕ್ಕೆ ಹರಿದು ಸುತ್ತಿಟ್ಟಿರುತ್ತೇನೆ. ಮಧ್ಯದಲ್ಲಿ ಕುಣಿಕೆ ಮಾಡಿ, ಮೂತಿಗೆ ಮೇಲಿನಿಂದ ತೂರಿಸಿ ಎಳೆಯಿರಿ. ಎರಡು ತುದಿಯನ್ನೂ ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿ ಹಿಂದೆ ಕಟ್ಟಿ. ಎಳೆದರೆ ಬಿಚ್ಚಿಕೊಳ್ಳುವ ಗಂಟೇ ಇರಲಿ. ವಾಂತಿ ಮಾಡುತ್ತಿರುವ, ಉಸಿರಾಟಕ್ಕೆ ಕಷ್ಟಪಡುತ್ತಿರುವ ನಾಯಿಗೆ ಬಾಯಿ ಕಟ್ಟಬೇಡಿ. ಬೇರೆಯವಕ್ಕೂ ಜಾಸ್ತಿ ಹೊತ್ತು ಬೇಡ, ಬಾಯಿ ತೆರೆದು ತೇಕಿದರೇನೇ ಅವಕ್ಕೆ ಮೈ ತಣ್ಣಗಾಗೋದು.

ಒಬ್ಬರು ಹಿಡಿದುಕೊಳ್ಳಬೇಕು, ಒಬ್ಬರು ಟಾರ್ಚ್. ಗಾಯಕ್ಕೆ ಡಾಕ್ಟರು ಬರೆದುಕೊಟ್ಟ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಕಾಯಿರಿ. ಅಕ್ಕಿಕಾಳಿನಷ್ಟು ಬಿಳಿ ಹುಳಗಳು ಮೇಲೆ ಬರುತ್ತವೆ. ಓವರ್‌ಲಾಕ್ ಮಷೀನಿಗೆ ದಾರ ಪೋಣಿಸುವ ಉದ್ದ ಚಿಮುಟ ಇರುತ್ತಲ್ಲ, ಅದರಲ್ಲಿ ಒಂದೊಂದೇ ತೆಗೆಯುತ್ತೇನೆ. (ನಾಯಿಗೆ ಬೇರೆ ಚಿಮುಟ ಇಟ್ಟಿದ್ದೇನೆ, ಗಿರಾಕಿಗಳು ಹೆದರಬೇಡಿ.) ಕರಿಯನ ಕಿವಿ ಹಿಂದೆ 64 ಸಿಕ್ಕಿದ್ದವು, ಪೇಪರ್ ಮೇಲೆ ಎಣಿಸಿದ್ದೆ. ಆಮೇಲೆ ಸಲೈನ್‌ನಲ್ಲಿ ತೊಳೆದು ಮತ್ತೆ ಸ್ಪ್ರೇ. ಮಾರನೇ ದಿನ ತಪ್ಪದೇ ಹೋಗಬೇಕು, ಒಳಗೆ ಅಡಗಿದ್ದವು ಅವತ್ತು ಬರುತ್ತವೆ. ಫಿನಾಯಿಲ್, ಪೆಟ್ರೋಲ್ ಸುರಿಯಬೇಡಿ, ಚರ್ಮವೇ ಸುಟ್ಟುಹೋಗುತ್ತೆ. ಗಾಯ ಕಣ್ಣಿನ ಹತ್ತಿರ ಇದ್ದರೆ, ಮೂಳೆ ಮುರಿದಿದ್ದರೆ ಕೈ ಹಾಕಬೇಡಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ನಾನು ಅಲ್ಲಿಗೆ ಒಯ್ಯುತ್ತೇನೆ. ಬೆಕ್ಕಿಗೆ ನಾಯಿ ಔಷಧಿಯನ್ನೂ ಹಾಕಬೇಡಿ, ಮನೆಯ ಪ್ಯಾರಾಸಿಟಮಾಲನ್ನೂ ಕೊಡಬೇಡಿ. ಅದು ಬೆಕ್ಕಿಗೆ ವಿಷ. ಹಸು, ಎಮ್ಮೆಗಾದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಸೋತ ಕಥೆಯೂ ಇದೆ. ಒಂದು ದೀಪಾವಳಿ ಹೊತ್ತಿಗೆ, ಹಾಸನಾಂಬ ದರ್ಶನದ ಜನಸಂದಣಿಯಲ್ಲಿ ಯಾರೋ ಮೂರು ಮರಿಗಳನ್ನು ರಟ್ಟಿನ ಡಬ್ಬದಲ್ಲಿ ಬಿಟ್ಟುಹೋಗಿದ್ದರು. ಅಂಗಡಿಯ ಹಿಂದಿನ ಕೋಣೆಗೆ ತಂದೆ. ಪಾರ್ವೊ, ನಾಯಿಮರಿಗಳಿಗೆ ಬರುವ ವೈರಸ್ ರೋಗ. ರಕ್ತಬೇಧಿ, ವಾಂತಿ, ನಾಲ್ಕು ದಿನದಲ್ಲಿ ಮೂರೂ ಹೋದವು. ಕೊನೆಯದು ನಾನು ಹೆಮ್ಮಿಂಗ್ ಮಾಡುತ್ತಾ ಕೂತಿದ್ದಾಗ, ಕಾಲ ಹತ್ತಿರವೇ. ಎರಡು ತಿಂಗಳಿಗೆ ಇನ್ನೊಂದು ಮರಿ ಸಿಕ್ಕಿತು, ಅದೇ ಕೋಣೆಗೆ ತಂದೆ. ಅದೂ ಹೋಯಿತು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಮಾಮೂಲಿ ಸೋಪಿಗೆ ಸಾಯಲ್ಲ, ಬ್ಲೀಚ್ ಹಾಕಿ ತೊಳೆಯಬೇಕು ಅಂತ ಡಾಕ್ಟರು ಆಮೇಲೆ ಹೇಳಿದರು. ಈಗ ಲಸಿಕೆ ಆಗದ ಮರಿಯನ್ನು ಆ ಕೋಣೆಗೆ ತರುವುದೇ ಇಲ್ಲ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ ಹಾಕಿಸಿ. ಆ ಪುಟಕ್ಕೆ ಪಿನ್ ಹೊಡೆದುಬಿಟ್ಟಿದ್ದೇನೆ, ತೆರೆಯಲ್ಲ.

ಅದಾದ ಮೇಲೆ ಎರಡು ಕಟ್ಟುಪಾಡು ಮಾಡಿಕೊಂಡೆ. ಫಾಲ್ಸ್ ದುಡ್ಡು ನಾಯಿಗೆ, ಬ್ಲೌಸ್ ದುಡ್ಡು ಮನೆಗೆ. ಫಾಲ್ಸ್ ಡಬ್ಬ ಖಾಲಿಯಾದರೆ ಸಾಲ ಮಾಡಿ ಔಷಧಿ ತರಲ್ಲ, ನಾಲ್ಕು ಜನರನ್ನು ಕೇಳುತ್ತೇನೆ. ಮಂಗಳವಾರ ನಾಯಿ ವಿಷಯಕ್ಕೆ ಫೋನ್ ಎತ್ತಲ್ಲ. ಮೊದಮೊದಲು ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಈಗ ಮಗಳ ಜೊತೆ ಮಹಾರಾಜ ಪಾರ್ಕಿಗೆ ಹೋಗಿ ಚುರುಮುರಿ ತಿಂದು ಬರುತ್ತೇನೆ.

ಉಳಿದ ದಿನ ಫೋನ್ ಬಂದರೆ ಮೂರು ಪ್ರಶ್ನೆ ಕೇಳಿ. ಎಲ್ಲಿದೆ? ಫೋಟೊ ಕಳಿಸ್ತೀರಾ? ನಾನು ಬರೋವರೆಗೂ ಅಲ್ಲೇ ನಿಲ್ತೀರಾ? ಮೂರನೇದಕ್ಕೆ ಬಹಳ ಜನ "ಇಲ್ಲ ಮೇಡಂ, ನಾನು ಬಸ್ಸಲ್ಲಿ ಹೋಗ್ತಾ ನೋಡಿದ್ದು" ಅಂತಾರೆ. ಹೋದ ಆಷಾಢದಲ್ಲಿ ಡೇರಿ ಸರ್ಕಲ್ ಹತ್ತಿರ ಒಬ್ಬ ಕಾಲೇಜು ಹುಡುಗ ಮಾತ್ರ, ಸೊಂಟ ಮುರಿದ ನಾಯಿಗೆ ಛತ್ರಿ ಹಿಡಿದು, ತಾನು ನೆನೆಯುತ್ತಾ ಮುಕ್ಕಾಲು ಗಂಟೆ ನಿಂತಿದ್ದ. ಈಗ ಟಾರ್ಚ್ ಹಿಡಿಯೋನು ಅವನೇ. ಬಾಯಿ ಕಟ್ಟೋದಕ್ಕೆ ಇನ್ನೂ ಕೈ ನಡುಗುತ್ತೆ, ಕಲೀತಿದ್ದಾನೆ.